83% ಭಾರತೀಯರ ಹೊಟ್ಟೇಲಿ ಸೂಪರ್‌ಬಗ್ ಇದೆಯಂತೆ, ಹಂಗಂದ್ರೆ ಏನು?

2025ರ ನವೆಂಬರ್‌ನಲ್ಲಿ ಒಂದು ಸುದ್ದಿ ಎಲ್ಲ ವಾಟ್ಸಾಪ್ ಗ್ರೂಪಲ್ಲೂ ಓಡಾಡ್ತು. ನೂರರಲ್ಲಿ 83 ಜನ ಭಾರತೀಯರ ಹೊಟ್ಟೇಲಿ ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಇದೆ ಅಂತ. ಅದಾಗಿ ಒಂದು ತಿಂಗಳಿಗೆ, ಡಿಸೆಂಬರ್ 28ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿನೂ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರಿಪೋರ್ಟ್ ಹೆಸರು ಹೇಳಿ, ನ್ಯುಮೋನಿಯಾಗೆ ಮೂತ್ರದ ಇನ್ಫೆಕ್ಷನ್‌ಗೆ ಕೊಡೋ ಆಂಟಿಬಯಾಟಿಕ್‌ಗಳು ಕೆಲಸ ಮಾಡ್ತಿಲ್ಲ, ಡಾಕ್ಟರ್ ಹೇಳದೆ ಮಾತ್ರೆ ತಗೋಬೇಡಿ ಅಂದ್ರು. ಅದಕ್ಕೂ ಮುಂಚೆ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಜಗತ್ತಲ್ಲಿ ಲ್ಯಾಬಲ್ಲಿ ಪತ್ತೆಯಾದ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಆರಕ್ಕೆ ಒಂದು, ನಮ್ಮ ಭಾಗದ ದೇಶಗಳಲ್ಲಿ ಮೂರಕ್ಕೆ ಒಂದು, ಔಷಧಿಗೆ ಬಗ್ಗಲ್ಲ ಅಂತ ಹೇಳಿತ್ತು.

ಈಗ ಓದೋರಿಗೆ ಗೊಂದಲ. ಮೂರಕ್ಕೆ ಒಂದಾ, 83 ಪರ್ಸೆಂಟಾ? ನಾಳೆ ಜ್ವರ ಬಂದ್ರೆ ಮಾತ್ರೆ ಕೆಲಸ ಮಾಡುತ್ತಾ ಇಲ್ವಾ?

83 ಅನ್ನೋ ನಂಬರ್ ಎಲ್ಲಿಂದ ಬಂತು

ಅದು ಹೈದರಾಬಾದಿನ ಎಐಜಿ ಆಸ್ಪತ್ರೆಯವರೂ ಸೇರಿ ನಾಲ್ಕು ದೇಶದವರು ಮಾಡಿದ ಅಧ್ಯಯನ. ಸುಮಾರು 1,200 ಜನ ರೋಗಿಗಳು. ಇವ್ರು ರಸ್ತೇಲಿ ಹೋಗೋರನ್ನ ನಿಲ್ಲಿಸಿ ಟೆಸ್ಟ್ ಮಾಡಿದ್ದಲ್ಲ, ಪಿತ್ತನಾಳದಲ್ಲಿ ಕಲ್ಲು ಅಥವಾ ಅಡ್ಡಿ ಇದ್ದು ಇಆರ್‌ಸಿಪಿ ಅನ್ನೋ ಎಂಡೋಸ್ಕೋಪಿ ಮಾಡಿಸ್ಕೊಳೋಕೆ ದೊಡ್ಡ ಆಸ್ಪತ್ರೆಗೆ ಬಂದವರನ್ನ. ಇಂಥವರಲ್ಲಿ ಬಹಳ ಜನ ಅಷ್ಟೊತ್ತಿಗೆ ಎರಡು ಮೂರು ಆಸ್ಪತ್ರೆ ತಿರುಗಿ, ಒಂದಷ್ಟು ಆಂಟಿಬಯಾಟಿಕ್ ನುಂಗಿಯೇ ಬಂದಿರೋ ಸಾಧ್ಯತೆ ಜಾಸ್ತಿ. ಹಾಗಾಗಿ 83 ಅನ್ನೋದನ್ನ 140 ಕೋಟಿ ಜನಕ್ಕೆ ಗುಣಿಸೋದು ಸರಿಯಲ್ಲ.

ಆದ್ರೆ ಹಂಗಂತ ತಳ್ಳಿಹಾಕೋಕೂ ಆಗಲ್ಲ, ಯಾಕಂದ್ರೆ ಇದೇ ಥರದ ರೋಗಿಗಳನ್ನೇ ಬೇರೆ ದೇಶದಲ್ಲೂ ನೋಡಿದ್ದಾರೆ. ಇಟಲೀಲಿ ಶೇ 31.5, ಅಮೆರಿಕದಲ್ಲಿ ಶೇ 20.1, ನೆದರ್ಲೆಂಡ್ಸ್‌ನಲ್ಲಿ ಶೇ 10.8. ನಮ್ಮಲ್ಲಿ 83.1. ಅದೇ ಕಾಯಿಲೆ, ಅದೇ ಪ್ರೊಸೀಜರ್, ನೆದರ್ಲೆಂಡ್ಸ್‌ಗೂ ನಮಗೂ ವ್ಯತ್ಯಾಸ ಮಾತ್ರ ಹತ್ತಿರ ಹತ್ತಿರ ಎಂಟು ಪಟ್ಟು. ಹೆಡ್‌ಲೈನ್ ಆಗಬೇಕಿದ್ದದ್ದು ಈ ವ್ಯತ್ಯಾಸ.

ಇನ್ನೊಂದು ವಿಷಯ. ಹೊಟ್ಟೇಲಿ ಇದೆ ಅಂದ್ರೆ ಕಾಯಿಲೆ ಇದೆ ಅಂತಲ್ಲ. ಮೂರಕ್ಕೆ ಒಂದು ಅನ್ನೋದು ಸೋಂಕು ಆದವರ ಲೆಕ್ಕ, 83 ಅನ್ನೋದು ಹೊಟ್ಟೇಲಿ ಸುಮ್ನೆ ಇಟ್ಕೊಂಡಿರೋರ ಲೆಕ್ಕ. ಕರುಳಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾ ಸುಮ್ನೆ ಬಾಡಿಗೆದಾರರ ಥರ ಇರ್ತವೆ. ಔಷಧಿಗೆ ಬಗ್ಗದ ಇ ಕೊಲೈ ಅನ್ನೋ ಕರುಳಿನ ಬ್ಯಾಕ್ಟೀರಿಯಾ ಕೂಡ ಅಲ್ಲೇ ಇದ್ದಷ್ಟು ದಿನ ಏನೂ ಮಾಡಲ್ಲ. ಅದು ಮೂತ್ರನಾಳಕ್ಕೋ, ಆಪರೇಷನ್ ಗಾಯಕ್ಕೋ, ರಕ್ತಕ್ಕೋ ದಾಟಿದಾಗ ತೊಂದರೆ ಶುರುವಾಗುತ್ತೆ.

ಐಸಿಎಂಆರ್ ಅಂಕಿಗಳನ್ನೂ ಹಿಂಗೇ ನೋಡಬೇಕು. ಅಸಿನೆಟೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಮೆರೊಪೆನೆಮ್ ಅನ್ನೋ ಸ್ಟ್ರಾಂಗ್ ಇಂಜೆಕ್ಷನ್‌ಗೆ ಸುಮಾರು 90 ಪರ್ಸೆಂಟ್ ಬಗ್ಗಲ್ಲ ಅಂತ ಬರುತ್ತಲ್ಲ, ಅದು ದೊಡ್ಡ ದೊಡ್ಡ ಆಸ್ಪತ್ರೆಗಳಿಂದ, ಅದರಲ್ಲೂ ಮುಖ್ಯವಾಗಿ ಐಸಿಯುಗಳಿಂದ ಬಂದ ಸ್ಯಾಂಪಲ್‌ಗಳ ಲೆಕ್ಕ. ಮನೇಲಿ ಗಂಟಲು ನೋವು ಅಂತ ಮಲಗಿರೋರ ಲೆಕ್ಕ ಅಲ್ಲ.

ಮೊದಲು, ಈ ಮಾತ್ರೆ ಬ್ಯಾಕ್ಟೀರಿಯಾನ ಕೊಲ್ಲೋದು ಹೆಂಗೆ

ಬ್ಯಾಕ್ಟೀರಿಯಾನ ಕೊಲ್ಲೋದು ಅಂಥಾ ಕಷ್ಟ ಅಲ್ಲ, ಫಿನಾಯಿಲ್ ಹಾಕಿದ್ರೂ ಸಾಯುತ್ತೆ. ಕಷ್ಟ ಇರೋದು ನಮ್ಮ ಜೀವಕೋಶಕ್ಕೆ ಏನೂ ಆಗದಂಗೆ ಅದನ್ನ ಮಾತ್ರ ಕೊಲ್ಲೋದು. ಅದಕ್ಕೆ ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾದಲ್ಲಿ ಇದ್ದು ನಮ್ಮಲ್ಲಿ ಇಲ್ಲದ, ಅಥವಾ ನಮ್ಮಲ್ಲಿ ಬೇರೆ ಥರ ಇರೋ ಭಾಗಕ್ಕೇ ಹೋಗಿ ಹೊಡೀತವೆ.

ಬ್ಯಾಕ್ಟೀರಿಯಾಗೆ ಸುತ್ತ ಒಂದು ಗಟ್ಟಿ ಗೋಡೆ ಇರುತ್ತೆ, ನಮ್ಮ ಜೀವಕೋಶಕ್ಕೆ ಇಲ್ಲ. ಒಳಗೆ ಒತ್ತಡ ಜಾಸ್ತಿ, ಸೈಕಲ್ ಟ್ಯೂಬ್ ಥರ, ಆ ಗೋಡೆ ಟಯರ್ ಇದ್ದಂಗೆ. ಬೆಳೀತಾ ಬೆಳೀತಾ ಬ್ಯಾಕ್ಟೀರಿಯಾ ಈ ಟಯರನ್ನ ಬಿಚ್ಚಿ ಹೊಲಿದು ದೊಡ್ಡದು ಮಾಡ್ಕೊಳ್ತಾ ಇರುತ್ತೆ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಮೆರೊಪೆನೆಮ್ ಇವೆಲ್ಲ ಆ ಹೊಲಿಯೋ ಕಿಣ್ವಕ್ಕೆ ಹೋಗಿ ಅಂಟಿಕೊಳ್ತವೆ. ಬಿಚ್ಚೋದು ನಡೀತಾನೇ ಇರುತ್ತೆ, ಹೊಲಿಯೋದು ನಿಂತಿರುತ್ತೆ, ಟಯರ್ ಹರಿದ ಜಾಗದಲ್ಲಿ ಟ್ಯೂಬ್ ಉಬ್ಬಿ ಢಮಾರ್. ಅದಕ್ಕೇ ಈ ಔಷಧಿಗಳು ಬೆಳೀತಿರೋ ಬ್ಯಾಕ್ಟೀರಿಯಾನ ಚೆನ್ನಾಗಿ ಕೊಲ್ತವೆ, ಮಲಗಿರೋದನ್ನ ಅಷ್ಟಾಗಿ ಅಲ್ಲ.

ಅಜಿಥ್ರೊಮೈಸಿನ್, ಡಾಕ್ಸಿಸೈಕ್ಲಿನ್ ಗೋಡೆ ತಂಟೆಗೆ ಹೋಗಲ್ಲ. ಅವು ಬ್ಯಾಕ್ಟೀರಿಯಾ ಒಳಗೆ ಪ್ರೋಟೀನ್ ತಯಾರಿಸೋ ರೈಬೋಸೋಮ್‌ಗೆ ಅಡ್ಡ ಕೂರ್ತವೆ. ನಮ್ಮಲ್ಲೂ ರೈಬೋಸೋಮ್ ಇದೆ ಆದ್ರೆ ಆಕಾರ ಬೇರೆ. ಸಿಪ್ರೊಫ್ಲಾಕ್ಸಸಿನ್ ಡಿಎನ್ಎ ಸಿಕ್ಕು ಬಿಡಿಸೋ ಕಿಣ್ವಾನ ಹಿಡಿಯುತ್ತೆ. ಸಲ್ಫಾ ಮಾತ್ರೆ ಫೋಲೇಟ್ ತಯಾರಿ ನಿಲ್ಲಿಸುತ್ತೆ, ನಮಗೆ ಫೋಲೇಟ್ ಸೊಪ್ಪು ತರಕಾರೀಲಿ ಸಿಗುತ್ತೆ, ಬ್ಯಾಕ್ಟೀರಿಯಾ ಪಾಪ ತಾನೇ ಅಡುಗೆ ಮಾಡ್ಕೋಬೇಕು.

ನೆಗಡಿ, ಫ್ಲೂ, ಡೆಂಗ್ಯೂ ತರೋದು ವೈರಸ್. ಅದಕ್ಕೆ ಗೋಡೆನೂ ಇಲ್ಲ, ಸ್ವಂತ ರೈಬೋಸೋಮೂ ಇಲ್ಲ. ಅಜಿಥ್ರೊ ನುಂಗಿದ್ರೆ ಅದು ಹೋಗಿ ಹೊಡೆಯೋಕೆ ಅಲ್ಲಿ ಏನೂ ಇಲ್ಲ. ಕೆಲವು ದಿನಕ್ಕೆ ನೆಗಡಿ ತಾನಾಗೇ ವಾಸಿಯಾಗುತ್ತೆ, ಹೆಸರು ಮಾತ್ರೆಗೆ ಬರುತ್ತೆ.

"ನನ್ನ ಬಾಡಿಗೆ ಒಗ್ಗೋಗಿದೆ" ಅನ್ನೋದು ಯಾಕೆ ತಪ್ಪು

ಬಹಳ ಜನ ಹೇಳೋ ಮಾತು ಇದು. ಮಾತ್ರೆ ತಗೊಂಡು ತಗೊಂಡು ನನ್ನ ಬಾಡಿ ಅದಕ್ಕೆ ಅಡ್ಜಸ್ಟ್ ಆಗಿದೆ, ಇನ್ನೂ ಸ್ಟ್ರಾಂಗ್ ಕೊಡಿ ಡಾಕ್ಟ್ರೇ ಅಂತ. ಒಗ್ಗೋದು ದೇಹ ಅಲ್ಲ, ಬ್ಯಾಕ್ಟೀರಿಯಾ. ಸರಿಯಾಗಿ ಹೇಳ್ಬೇಕಂದ್ರೆ ಬ್ಯಾಕ್ಟೀರಿಯಾನೂ ಒಗ್ಗಲ್ಲ, ಒಗ್ಗದೇ ಇದ್ದವೆಲ್ಲ ಸತ್ತು, ಮೊದಲೇ ತಡ್ಕೊಳೋ ಶಕ್ತಿ ಇದ್ದ ಒಂದೆರಡು ಮಾತ್ರ ಉಳ್ಕೊಂಡು ಅವೇ ಊರೆಲ್ಲ ತುಂಬ್ತವೆ.

ಇ ಕೊಲೈಗೆ ಒಳ್ಳೆ ಊಟ ಸಿಕ್ಕಿದ್ರೆ 20 ನಿಮಿಷಕ್ಕೆ ಒಂದು ಎರಡಾಗುತ್ತೆ. ಅದೇ ಲೆಕ್ಕದಲ್ಲಿ 7 ಗಂಟೆಗೆ ಒಂದು ಹೋಗಿ 20 ಲಕ್ಷ. ಪ್ರತಿ ಸಲ ಡಿಎನ್ಎ ಕಾಪಿ ಆಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪು, ಹೆಚ್ಚಿನವು ಉಪಯೋಗಕ್ಕೆ ಬರದವು, ಯಾವುದೋ ಒಂದು ತಪ್ಪು ಮಾತ್ರ ಔಷಧಿ ತಡೆಯೋಕೆ ಸಹಾಯ ಮಾಡುತ್ತೆ. ಔಷಧಿ ಇಲ್ದಿದ್ರೆ ಅದಕ್ಕೆ ಏನೂ ಬೆಲೆ ಇಲ್ಲ. ಔಷಧಿ ಬಂದ ತಕ್ಷಣ ಅದೇ ರಾಜ.

2016ರಲ್ಲಿ ಹಾರ್ವರ್ಡ್‌ನವರು ಇದನ್ನ ಕಣ್ಣಿಗೆ ಕಾಣೋ ಹಂಗೆ ತೋರಿಸಿದ್ರು. ಊಟದ ಮೇಜಿನಷ್ಟು ದೊಡ್ಡ ತಟ್ಟೆ, ಅಂಚಲ್ಲಿ ಔಷಧಿ ಇಲ್ಲ, ಒಳಗೆ ಹೋಗ್ತಾ ಹೋಗ್ತಾ ಪಟ್ಟಿ ಪಟ್ಟಿಯಾಗಿ ಹತ್ತು ಪಟ್ಟು ಜಾಸ್ತಿ, ನಡುವೆ ಸಾವಿರ ಪಟ್ಟು. ಬ್ಯಾಕ್ಟೀರಿಯಾ ಪ್ರತಿ ಗಡಿಯಲ್ಲೂ ಒಂದಷ್ಟು ಹೊತ್ತು ನಿಂತು, ಎಲ್ಲೋ ಒಂದು ಕಡೆ ಒಂದು ಮ್ಯುಟೆಂಟ್ (ಡಿಎನ್ಎ ಅಕ್ಷರ ಬದಲಾದದ್ದು) ಹುಟ್ಟಿ ದಾಟಿ, ಮತ್ತೆ ನಿಂತು, ಹಿಂಗೆ 11 ದಿನದ ಹೊತ್ತಿಗೆ ನಡುವೆ ಬಂದು ಕೂತಿದ್ವು. ಗಮನಿಸಿ, ಒಂದೇ ಸಲ ಸಾವಿರ ಪಟ್ಟಿನ ಪಟ್ಟಿಗೆ ಹಾರಿದ್ದಲ್ಲ. ಕಮ್ಮಿ ಡೋಸ್ ಅನ್ನೋದು ಅವಕ್ಕೆ ಮೆಟ್ಟಿಲು.

ತಪ್ಪಿಸಿಕೊಳ್ಳೋ ದಾರಿಗಳು

ಒಂದು, ಔಷಧಿ ಒಳಗೆ ಬರೋ ಕಿಂಡಿನೇ ಕಿರಿದು ಮಾಡೋದು. ಎರಡು, ದೋಣಿಗೆ ನುಗ್ಗಿದ ನೀರು ಮೊಗೆದು ಹಾಕೋ ಥರ ಪಂಪ್ ಇಟ್ಕೊಂಡು ಬಂದ ಔಷಧೀನ ಹೊರಗೆ ಎಸೀತಾ ಇರೋದು. ಮೂರು, ಔಷಧಿ ಅಂಟೋ ಜಾಗದ ಆಕಾರ ಬದಲಾಯಿಸೋದು, ಆಸ್ಪತ್ರೆಯವರು ಎಂಆರ್‌ಎಸ್‌ಎ ಅಂತಾರಲ್ಲ ಆ ಬ್ಯಾಕ್ಟೀರಿಯಾ ಮಾಡೋದು ಇದೇ, ಗೋಡೆ ಹೊಲಿಯೋಕೆ ಪೆನಿಸಿಲಿನ್ ಅಂಟದ ಬೇರೆ ಕಿಣ್ವ ತಂದಿಟ್ಕೊಂಡಿದೆ.

ನಾಲ್ಕನೇದು ಔಷಧೀನೇ ಕತ್ತರಿಸೋದು, ನಮ್ಮ ದೇಶಕ್ಕೆ ಜಾಸ್ತಿ ತಲೆನೋವು ತಂದಿರೋದು ಇದು. ಪೆನಿಸಿಲಿನ್ ಕುಟುಂಬದ ಎಲ್ಲ ಔಷಧಿಲೂ ಬೀಟಾ ಲ್ಯಾಕ್ಟಮ್ ಅಂತ ನಾಲ್ಕು ಮೂಲೆಯ ಒಂದು ಚಿಕ್ಕ ಉಂಗುರ ಇರುತ್ತೆ, ಅದು ಮುರಿದ್ರೆ ಔಷಧಿ ಬರೀ ಪುಡಿ. ಅದನ್ನ ಮುರಿಯೋ ಕಿಣ್ವ ಬ್ಯಾಕ್ಟೀರಿಯಾದಲ್ಲಿದೆ ಅಂತ 1940ರಲ್ಲೇ ಬರೆದಿದ್ರು, ಅಂದ್ರೆ ಪೆನಿಸಿಲಿನ್ ಇನ್ನೂ ಜನಕ್ಕೆ ಕೊಡೋಕೆ ಶುರು ಮಾಡೋ ಮುಂಚೆನೇ! ಮಂಜಲ್ಲಿ ಹೂತಿದ್ದ 30,000 ವರ್ಷ ಹಳೇ ಮಣ್ಣಲ್ಲೂ ಇಂಥ ಜೀನ್‌ಗಳು ಸಿಕ್ಕಿವೆ. ಮಣ್ಣಲ್ಲಿ ಶಿಲೀಂಧ್ರ ಬ್ಯಾಕ್ಟೀರಿಯಾಗಳ ನಡುವೆ ಈ ಜಗಳ ನಾವು ಹುಟ್ಟೋ ಮುಂಚಿಂದ ನಡೀತಿತ್ತು, ನಾವು ಒಂದು ಕಡೆಯ ಆಯುಧ ಎತ್ಕೊಂಡು ಬಂದ್ವಿ ಅಷ್ಟೇ, ಇನ್ನೊಂದು ಕಡೆಯ ಗುರಾಣಿ ಅಲ್ಲೇ ಇತ್ತು.

ಆಮೇಲೆ ಆಗಿದ್ದು ಏಣಿ ಹತ್ತಾಟ. ಪೆನಿಸಿಲಿನ್ ಮುರೀತಾವೆ ಅಂತ ಸೆಫಲೋಸ್ಪೋರಿನ್ ಬಂತು, ಅದನ್ನೂ ಮುರಿಯೋ ಇಎಸ್‌ಬಿಎಲ್ ಅನ್ನೋ ಕಿಣ್ವ ಬಂತು. ಈ ನಡುವೆ ಕತ್ತರಿಗೇ ತುಕ್ಕು ಹಿಡಿಸೋ ಕ್ಲಾವುಲಾನಿಕ್ ಆಸಿಡ್ ಸೇರಿಸಿ ಆಗ್ಮೆಂಟಿನ್ ಮಾಡಿದ್ರು. ಇಎಸ್‌ಬಿಎಲ್ ಜಾಸ್ತಿಯಾದ್ಮೇಲೆ ಡಾಕ್ಟರ್‌ಗಳು ಮೆರೊಪೆನೆಮ್ ಇರೋ ಕಾರ್ಬಪೆನೆಮ್ ಗುಂಪಿಗೆ ಹೋದ್ರು. 2008ರಲ್ಲಿ ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ವಾಪಸ್ ಹೋದ ಭಾರತೀಯ ಮೂಲದ ರೋಗಿಯೊಬ್ಬರಲ್ಲಿ ಕಾರ್ಬಪೆನೆಮನ್ನೂ ಕತ್ತರಿಸೋ ಕಿಣ್ವ ಸಿಕ್ತು. ಅದಕ್ಕೆ ನ್ಯೂ ಡೆಲ್ಲಿ ಅಂತ ಹೆಸರಿಟ್ಟು ಎನ್‌ಡಿಎಂ 1 ಅಂದ್ರು. 2010ರಲ್ಲಿ ಆ ಹೆಸರಿಗೆ ಇಲ್ಲಿ ದೊಡ್ಡ ಗಲಾಟೆ ಆಯ್ತು, ಮೆಡಿಕಲ್ ಟೂರಿಸಂ ಹಾಳು ಮಾಡೋ ಪಿತೂರಿ ಅಂತೆಲ್ಲ. ಹೆಸರಿಟ್ಟಿದ್ದು ಸರಿಯಲ್ಲ ಅನ್ನೋದು ಒಪ್ಪೋ ಮಾತೇ. ಆದ್ರೆ ಆ ಜಗಳದಲ್ಲಿ ಅಸಲಿ ವಿಷಯ ಪಕ್ಕಕ್ಕೆ ಹೋಯ್ತು.

ಚೀಟಿ ಪಾಸ್ ಮಾಡೋ ಬ್ಯಾಕ್ಟೀರಿಯಾ

ಎನ್‌ಡಿಎಂ ಥರದ ಜೀನ್‌ಗಳು ಸಾಮಾನ್ಯವಾಗಿ ಪ್ಲಾಸ್ಮಿಡ್ ಅನ್ನೋ ಚಿಕ್ಕ ಡಿಎನ್ಎ ಬಳೆ ಮೇಲೆ ಕೂತಿರುತ್ತೆ. ಪರೀಕ್ಷೆ ಹಾಲಲ್ಲಿ ಒಬ್ಬ ಚೀಟಿ ಬರ್ದು ಪಕ್ಕದವನಿಗೆ ಕೊಟ್ಟಂಗೆ ಒಂದು ಬ್ಯಾಕ್ಟೀರಿಯಾ ಅದರ ಕಾಪಿ ಮಾಡಿ ಪಕ್ಕದ್ದಕ್ಕೆ ಕೊಡುತ್ತೆ. ಪಕ್ಕದ್ದು ಅದೇ ಜಾತಿ ಆಗಿರ್ಬೇಕು ಅಂತಿಲ್ಲ, ನಿರುಪದ್ರವಿ ಇ ಕೊಲೈ ಕಾಯಿಲೆ ತರೋ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾಗೆ ಕೊಡಬಹುದು. ಮತ್ತೆ ಒಂದೇ ಚೀಟೀಲಿ ನಾಲ್ಕೈದು ಔಷಧಿಯ ಉತ್ತರ ಬರೆದಿರುತ್ತೆ, ಅದಕ್ಕೇ ಒಂದು ಔಷಧಿ ಜಾಸ್ತಿ ಬಳಸಿದ್ರೆ ಸಂಬಂಧ ಇಲ್ಲದ ಇನ್ನೊಂದು ಔಷಧಿಗೂ ಕುತ್ತು.

ಈಗ ಬರುತ್ತೆ ನೋಡಿ ಮುಖ್ಯ ಪ್ರಶ್ನೆ. ಈ ಚೀಟಿ ಪಾಸ್ ಆಗೋ ಹಾಲ್ ಎಲ್ಲಿದೆ? ನಮ್ಮ ಕರುಳು ಒಂದು. ಆದ್ರೆ ಚರಂಡಿ? 2011ರಲ್ಲಿ ದೆಹಲೀಲಿ ಕೊಳಾಯಿ ನೀರಿನ 50 ಸ್ಯಾಂಪಲ್‌ನಲ್ಲಿ ಎರಡರಲ್ಲಿ, ಬೀದಿಯಲ್ಲಿ ನಿಂತ, ಹರಿಯೋ ನೀರಿನ 171 ಸ್ಯಾಂಪಲ್‌ನಲ್ಲಿ 51ರಲ್ಲಿ ಎನ್‌ಡಿಎಂ 1 ಜೀನ್ ಸಿಕ್ಕಿತ್ತು. 2017ರಲ್ಲಿ ಬಂದ ಡಚ್ ಪ್ರವಾಸಿಗರ ಅಧ್ಯಯನ ಇನ್ನೂ ಕಣ್ಣು ತೆರೆಸುತ್ತೆ. ಹೋಗೋ ಮುಂಚೆ ಇಎಸ್‌ಬಿಎಲ್ ಇಲ್ಲದೇ ಇದ್ದವರಲ್ಲಿ, ದಕ್ಷಿಣ ಏಷ್ಯಾಗೆ ಹೋಗಿ ಬಂದವರಲ್ಲಿ ನಾಲ್ಕಕ್ಕೆ ಮೂರು ಜನ ಹೊಟ್ಟೇಲಿ ಇಎಸ್‌ಬಿಎಲ್ ಬ್ಯಾಕ್ಟೀರಿಯಾ ಇಟ್ಕೊಂಡು ವಾಪಸ್ ಹೋದ್ರು. ಪ್ರಯಾಣದಲ್ಲಿ ಆಂಟಿಬಯಾಟಿಕ್ ತಗೊಂಡವರಿಗೆ, ಭೇದಿ ಆದವರಿಗೆ ಚಾನ್ಸ್ ಜಾಸ್ತಿ ಇತ್ತು ನಿಜ, ಆದ್ರೂ ಬ್ಯಾಕ್ಟೀರಿಯಾ ಬಂದಿದ್ದು ಮಾತ್ರೆಯಿಂದಲ್ಲ. ಇಲ್ಲಿನ ಊಟ, ನೀರು, ಕೈ, ಇಂಥ ದಾರಿಯಿಂದಲೇ.

ಅಂದ್ರೆ ಜೀವನದಲ್ಲಿ ಒಂದೂ ಆಂಟಿಬಯಾಟಿಕ್ ಮುಟ್ಟದವರ ಹೊಟ್ಟೇಲೂ ಇದು ಇರಬಹುದು. ನುಂಗಿದವರು ಒಬ್ಬರು, ಅನುಭವಿಸೋರು ಇನ್ನೊಬ್ಬರು.

ಹಂಗಾದ್ರೆ ತಪ್ಪು ಯಾರದು

ಡಾಕ್ಟರ್‌ಗಳ ಸಂಘಗಳನ್ನ ಕೇಳಿದ್ರೆ ಮೆಡಿಕಲ್ ಶಾಪ್‌ನವರು ಡಾಕ್ಟರ್ ಚೀಟಿ ಇಲ್ದೆ ಕೊಡ್ತಾರೆ ಅಂತಾರೆ. ಮೆಡಿಕಲ್ ಶಾಪ್‌ನವರು, ಡಾಕ್ಟರ್‌ಗಳೇ ನೆಗಡಿಗೂ ಬರೀತಾರೆ, ನಮ್ಮನ್ಯಾಕೆ ಹೇಳ್ತೀರಾ ಅಂತಾರೆ. ಇಬ್ಬರೂ ಸೇರಿ ಪೇಷಂಟ್ ಕಡೆ ಕೈ ತೋರಿಸ್ತಾರೆ, ಎರಡು ಮಾತ್ರೆ ನುಂಗಿ ಬಿಟ್ಬಿಡ್ತಾರೆ ಅಂತ. ಮೂರೂ ಸುಳ್ಳಲ್ಲ. ಪ್ರೈವೇಟ್ ಮಾರಾಟದ 2019ರ ಲೆಕ್ಕದಲ್ಲಿ ನಮ್ಮಲ್ಲಿ ಅತಿ ಹೆಚ್ಚು ಹೋದ ಆಂಟಿಬಯಾಟಿಕ್ ಅಜಿಥ್ರೊಮೈಸಿನ್ 500 ಮಾತ್ರೆ, ಮತ್ತೆ ಮಾರಾಟವಾದ ಡೋಸ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕೇಂದ್ರ ಔಷಧ ನಿಯಂತ್ರಕರ ಅನುಮೋದನೆ ಪಟ್ಟೀಲೇ ಇರ್ಲಿಲ್ಲ.

ಆದ್ರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನ ಯಾರೂ ಹೇಳಲ್ಲ. ತಲಾವಾರು ನೋಡಿದ್ರೆ ನಮ್ಮ ಬಳಕೆ ಯುರೋಪಿನ ಬಹಳ ದೇಶಗಳಿಗಿಂತ ಕಮ್ಮಿ (ಸರ್ಕಾರಿ ಆಸ್ಪತ್ರೇಲಿ ಕೊಡೋದು ಇದರಲ್ಲಿ ಸೇರಿಲ್ಲ, ಆದ್ರೂ). ಕಮ್ಮಿ ನುಂಗೋ ದೇಶದಲ್ಲಿ ರೆಸಿಸ್ಟೆನ್ಸ್, ಅಂದ್ರೆ ಔಷಧಿಗೆ ಬಗ್ಗದಿರೋದು, ಜಾಸ್ತಿ ಯಾಕೆ? 2018ರಲ್ಲಿ ಹಲವು ದೇಶಗಳನ್ನ ಹೋಲಿಸಿ ನೋಡಿದ ಅಧ್ಯಯನದಲ್ಲಿ ರೆಸಿಸ್ಟೆನ್ಸ್ ಜೊತೆ ತಾಳೆ ಆಗಿದ್ದು ಔಷಧಿ ಬಳಕೆಗಿಂತ ಜಾಸ್ತಿ ಮೂಲಸೌಕರ್ಯ ಮತ್ತೆ ಆಡಳಿತದ ಗುಣಮಟ್ಟ. ಮಾತ್ರೆ ಬ್ಯಾಕ್ಟೀರಿಯಾನ ಆರಿಸುತ್ತೆ, ಕೊಳಚೆ ನೀರು ಅದನ್ನ ಹಂಚುತ್ತೆ. ಆರಿಸೋದನ್ನ ಎಷ್ಟು ಕಮ್ಮಿ ಮಾಡಿದ್ರೂ ಹಂಚೋದು ನಿಲ್ದೇ ಇದ್ರೆ 83 ಇಳಿಯೋದು ಕಷ್ಟ. ಸರ್ಕಾರದ ಜಾಹೀರಾತುಗಳಲ್ಲಿ ಮಾತ್ರೆ ಹಿಡಿದ ಕೈ ಚಿತ್ರ ಇರುತ್ತೆ, ಚರಂಡಿ ಚಿತ್ರ ಇರಲ್ಲ.

ಔಷಧಿ ಕಂಪನಿಗಳ ಕಡೆಯ ಕಥೆನೂ ಇದೆ. ಹೈದರಾಬಾದ್ ಹತ್ತಿರದ ಪಟಾನ್‌ಚೆರುನಲ್ಲಿ ಸುಮಾರು 90 ಔಷಧಿ ಕಾರ್ಖಾನೆಗಳ ತ್ಯಾಜ್ಯ ಬರೋ ಶುದ್ಧೀಕರಣ ಘಟಕದಿಂದ ಹೊರಬಿಟ್ಟ ನೀರಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೂ ಸಿಪ್ರೊಫ್ಲಾಕ್ಸಸಿನ್ ಇತ್ತು ಅಂತ 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಬರೆದ್ರು. ಅದು ರೋಗಿಯ ರಕ್ತದಲ್ಲಿ ಇರೋದಕ್ಕಿಂತ ಜಾಸ್ತಿ. ಇಂಥ ನೀರಿಗೆ ಮಿತಿ ಹಾಕ್ತೀವಿ ಅಂತ ಕೇಂದ್ರ 2020ರಲ್ಲಿ ಕರಡು ತಂತು, 2021ರ ಅಂತಿಮ ನಿಯಮದಲ್ಲಿ ಆಂಟಿಬಯಾಟಿಕ್ ಮಿತಿ ಕಾಣೆ. ಕಂಪನಿಗಳು ಖರ್ಚು ಜಾಸ್ತಿ ಆಗುತ್ತೆ, ಅಗ್ಗದ ಔಷಧಿ ದುಬಾರಿ ಆಗುತ್ತೆ ಅಂತ ವಾದಿಸ್ತವೆ. ಆ ವಾದದಲ್ಲಿ ಸ್ವಲ್ಪ ಹುರುಳಿದೆ, ಆದ್ರೆ ಬಿಲ್ ಬೇರೆ ಯಾರೋ ಕಟ್ತಿದ್ದಾರೆ ಅನ್ನೋದು ಅದರಲ್ಲಿ ಬರಲ್ಲ.

ಕೋಳಿ ಫಾರಂ ವಿಷಯದಲ್ಲಿ ಮಾತ್ರ ಒಂದು ಸರಿಯಾದ ಹೆಜ್ಜೆ ಬಿತ್ತು. ಕೊಲಿಸ್ಟಿನ್ ಅನ್ನೋದು ಕಿಡ್ನಿಗೆ ಕೆಟ್ಟದು ಅಂತ ಮೂಲೆಗೆ ಹಾಕಿದ್ದ ಹಳೇ ಔಷಧಿ, ಈಗ ಐಸಿಯುನಲ್ಲಿ ಕೊನೇ ಆಸರೆಗಳಲ್ಲಿ ಒಂದು. ಅದನ್ನೇ ಕೋಳಿ ಬೇಗ ದಪ್ಪ ಆಗ್ಲಿ ಅಂತ ಆಹಾರಕ್ಕೆ ಬೆರೆಸ್ತಿದ್ರು. 2015ರಲ್ಲಿ ಚೀನಾದಲ್ಲಿ ಕೊಲಿಸ್ಟಿನ್ ತಡೆಯೋ ಜೀನ್ ಪ್ಲಾಸ್ಮಿಡ್ ಮೇಲೆ ಸಿಕ್ಕಿದ್ಮೇಲೆ ಎಲ್ಲರಿಗೂ ಗಾಬರಿ ಆಗಿ, 2019ರ ಜುಲೈನಲ್ಲಿ ನಮ್ಮಲ್ಲೂ ಆಹಾರಕ್ಕೆ ಸಾಕೋ ಪ್ರಾಣಿಗಳಿಗೆ ಕೊಡೋದು ನಿಷೇಧ ಆಯ್ತು.

ಕೋರ್ಸ್ ಮುಗಿಸಬೇಕಾ ಬೇಡ್ವಾ?

ಇಲ್ಲಿ ಡಾಕ್ಟರ್‌ಗಳಲ್ಲೇ ಎರಡು ಅಭಿಪ್ರಾಯ ಇರೋದು ಜನಕ್ಕೆ ಗೊತ್ತಿಲ್ಲ. ಹಳೇ ಮಾತು ಏನಂದ್ರೆ, ಅರ್ಧಕ್ಕೆ ಬಿಟ್ರೆ ಉಳಿದ ಬ್ಯಾಕ್ಟೀರಿಯಾ ಗಟ್ಟಿಯಾಗುತ್ತೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಕಮ್ಮಿ ಡೋಸ್ ಅಪಾಯ ಅಂತ ಎಚ್ಚರಿಸಿದ್ರು. ಕ್ಷಯಕ್ಕೆ ಇದು ನೂರಕ್ಕೆ ನೂರು ಸತ್ಯ, ತಿಂಗಳುಗಟ್ಟಲೆ ಮಾತ್ರೆ ತಪ್ಪಿಸ್ಲೇಬಾರದು.

ಆದ್ರೆ 2017ರಲ್ಲಿ ಬ್ರಿಟನ್ನಿನ ತಜ್ಞರು ಬೇರೆ ಮಾತು ಎತ್ತಿದ್ರು. ಮಾತ್ರೆ ಹೊಡೆಯೋದು ಕಾಯಿಲೆ ತಂದ ಬ್ಯಾಕ್ಟೀರಿಯಾನ ಮಾತ್ರ ಅಲ್ಲ, ಕರುಳಲ್ಲಿ ಸುಮ್ನೆ ಇರೋ ಕೋಟಿಗಟ್ಟಲೆ ಬ್ಯಾಕ್ಟೀರಿಯಾನೂ. ಇ ಕೊಲೈ, ಕ್ಲೆಬ್ಸಿಯೆಲ್ಲಾ ವಿಷಯದಲ್ಲಿ ರೆಸಿಸ್ಟೆನ್ಸ್ ಬೆಳೆಯೋದು ಜಾಸ್ತಿ ಅಲ್ಲೇ, ಹಾಗಾಗಿ ಬೇಕಾದ್ದಕ್ಕಿಂತ ಒಂದು ದಿನ ಜಾಸ್ತಿ ನುಂಗಿದ್ರೂ ಆಯ್ಕೆಯ ಒತ್ತಡ ಒಂದು ದಿನ ಜಾಸ್ತಿ ಅಂತ. 2024ರಲ್ಲಿ ಬಂದ ದೊಡ್ಡ ಪ್ರಯೋಗವೊಂದರಲ್ಲಿ ರಕ್ತದ ಸೋಂಕಿಗೂ 14 ದಿನದ ಬದಲು 7 ದಿನ ಕೊಟ್ರೆ ಫಲಿತಾಂಶ ಕಮ್ಮಿ ಆಗಲಿಲ್ಲ. ಅಂದ್ರೆ ಬದಲಾಗಬೇಕಿರೋದು ಡಾಕ್ಟರ್ ಬರೆಯೋ ದಿನಗಳ ಸಂಖ್ಯೆ. ಪೇಷಂಟ್ ತಾನೇ ಹುಷಾರಾದೆ ಅಂತ ಬಿಡೋದು ಬೇರೆ ವಿಷಯ, ಯಾಕಂದ್ರೆ ಒಳಗೆ ಏನಾಗಿದೆ ಅಂತ ಅವ್ರಿಗೆ ಗೊತ್ತಾಗಲ್ಲ, ಉಳಿದ ನಾಲ್ಕು ಮಾತ್ರೆ ಮುಂದಿನ ಸಲ ಮಗುವಿಗೆ ಜ್ವರ ಬಂದಾಗ ಅರ್ಧ ಮುರಿದು ಕೊಡೋಕೆ ಡಬ್ಬಿ ಸೇರುತ್ತೆ.

ಕಾನೂನು ಇದೆ

2014ರಿಂದ ಶೆಡ್ಯೂಲ್ ಎಚ್1 ಪಟ್ಟೀಲಿರೋ ಆಂಟಿಬಯಾಟಿಕ್‌ಗಳಿಗೆ ಡಾಕ್ಟರ್ ಚೀಟಿ ಬೇಕು, ಅಂಗಡಿಯವರು ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಎಲ್ಲರಿಗೂ ಗೊತ್ತು ಎಷ್ಟು ನಡೀತಿದೆ ಅಂತ. ಕೇರಳ 2024ರಲ್ಲಿ ಆಪರೇಷನ್ ಅಮೃತ್ ಅಂತ ಅಂಗಡಿಗಳ ಮೇಲೆ ದಾಳಿ ಮಾಡಿ, ಆಂಟಿಬಯಾಟಿಕ್‌ನ ನೀಲಿ ಕವರಲ್ಲಿ ಕೊಡೋ ಪದ್ಧತಿ ತಂದು, ಮಾರಾಟ ಶೇ 20ರಿಂದ 30 ಇಳೀತು ಅಂತ ಹೇಳ್ಕೊಂಡಿದೆ. ಇದಕ್ಕೆ ಎದುರು ವಾದನೂ ಇದೆ. ಹತ್ತಿರದಲ್ಲಿ ಡಾಕ್ಟರೇ ಇಲ್ಲದ ಹಳ್ಳೀಲಿ ಮೆಡಿಕಲ್ ಶಾಪೇ ಆಸ್ಪತ್ರೆ, ಅಲ್ಲಿ ಬಿಗಿ ಮಾಡಿದ್ರೆ ನಿಜವಾದ ನ್ಯುಮೋನಿಯಾ ಇರೋ ಮಗುಗೂ ಔಷಧಿ ಸಿಗಲ್ಲ ಅಂತ. ಆಂಟಿಬಯಾಟಿಕ್ ಸಿಗದೆ ಸಾಯೋರೂ ಈ ದೇಶದಲ್ಲಿ ಇದ್ದಾರೆ, ಅದನ್ನ ಮರೆತು ಬರೀ ಬಿಗಿ ಮಾಡಿ ಅನ್ನೋದು ಸಿಟೀಲಿ ಕೂತವರಿಗೆ ಸುಲಭ.

ಕೇಂದ್ರದ ಎರಡನೇ ರಾಷ್ಟ್ರೀಯ ಕ್ರಿಯಾ ಯೋಜನೆ 2025ರಿಂದ 29ರವರೆಗಿನದ್ದು, 2025ರ ನವೆಂಬರ್ 18ಕ್ಕೆ ಬಿಡುಗಡೆ ಆಯ್ತು. ಆರೋಗ್ಯ ರಾಜ್ಯದ ವಿಷಯ, ದುಡ್ಡು ಹಾಕಿ ನಡೆಸಬೇಕಾದವರು ರಾಜ್ಯಗಳು. 2017ರ ಮೊದಲನೇ ಯೋಜನೆಗೆ ಏನಾಯ್ತು ಅಂದ್ರೆ, ಕೇರಳ ಮೊದಲಾಗಿ ಕೆಲವೇ ರಾಜ್ಯಗಳು ತಮ್ಮ ಯೋಜನೆ ಮಾಡಿದ್ವು.

ಮುಂದೆ ಏನಾಗುತ್ತೆ

ಹೊಸ ಔಷಧಿ ಬರಲ್ವಾ ಅಂತ ಕೇಳಿದ್ರೆ, ಬರ್ತಿವೆ, ನಮ್ಮವರೇ ಮಾಡಿರೋದೂ ಇವೆ. ಚೆನ್ನೈನ ಆರ್ಕಿಡ್ ಫಾರ್ಮಾ ಕಂಡುಹಿಡಿದ ಎನ್‌ಮೆಟಾಜೊಬ್ಯಾಕ್ಟಮ್ 2024ರಲ್ಲಿ ಅಮೆರಿಕದ ಅನುಮತಿ ಪಡೀತು, ವೊಕಾರ್ಟ್‌ನ ನಾಫಿಥ್ರೊಮೈಸಿನ್ ನ್ಯುಮೋನಿಯಾಗೆ ಮೂರೇ ದಿನದ ಕೋರ್ಸ್. ಆದ್ರೆ ಮೊದಲನೇದು ಎನ್‌ಡಿಎಂ ಮುಂದೆ ನಿಲ್ಲಲ್ಲ. ಅದೂ ಅಲ್ದೆ ವ್ಯಾಪಾರದ ಲೆಕ್ಕ ತಲೆಕೆಳಗು: ಬಿಪಿ ಮಾತ್ರೆ ಜೀವನಪೂರ್ತಿ ಮಾರಬಹುದು, ಹೊಸ ಆಂಟಿಬಯಾಟಿಕ್ ಬಂದ್ರೆ ಡಾಕ್ಟರ್‌ಗಳು ಬಳಸದೆ ಎತ್ತಿಡ್ತಾರೆ, ಎತ್ತಿಡೋದೇ ಸರಿ. ಅಮೆರಿಕದ ಅಕೇಯೊಜೆನ್ ಕಂಪನಿ 2018ರಲ್ಲಿ ಹೊಸ ಔಷಧಿಗೆ ಅನುಮತಿ ಪಡೆದು 2019ರಲ್ಲಿ ದಿವಾಳಿ ಆಯ್ತು.

ಹತ್ತಿರದ ಪರಿಣಾಮ ಇರೋದು ಆಸ್ಪತ್ರೆಗಳಲ್ಲಿ. ಹೆರಿಗೆ, ಮಂಡಿ ಆಪರೇಷನ್, ಕ್ಯಾನ್ಸರ್ ಕೀಮೋ, ಇವೆಲ್ಲ ಸೋಂಕು ಆದ್ರೆ ಔಷಧಿ ಇದೆ ಅನ್ನೋ ಧೈರ್ಯದ ಮೇಲೆ ನಡೆಯೋವು. ರಾತ್ರಿ ಎರಡು ಗಂಟೆಗೆ ನಂಜೇರಿದ ಒಬ್ಬರು ಬಂದ್ರೆ ಕಲ್ಚರ್ ರಿಪೋರ್ಟ್ (ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ಅದು ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡೋದು) ಬರೋಕೆ ಎರಡು ಮೂರು ದಿನ ಬೇಕು, ಅಷ್ಟು ಕಾಯೋಕಾಗಲ್ಲ, ಡಾಕ್ಟರ್ ಅಂದಾಜಿನ ಮೇಲೆ ಔಷಧಿ ಶುರು ಮಾಡ್ಲೇಬೇಕು. 83 ಅನ್ನೋ ನಂಬರ್ ತಲೇಲಿ ಇರೋ ಡಾಕ್ಟರ್ ಯಾವುದನ್ನ ಆರಿಸ್ತಾರೆ? ಮೆರೊಪೆನೆಮ್. ತಪ್ಪು ಅನ್ನೋಕೂ ಆಗಲ್ಲ. ಎಲ್ಲ ಆಸ್ಪತ್ರೇಲೂ ಎಲ್ಲರಿಗೂ ಮೆರೊಪೆನೆಮ್ ಹೋದ್ರೆ ಮೆರೊಪೆನೆಮ್ ತಡೆಯೋವು ಇನ್ನೂ ಬೆಳೀತಾವೆ, ಮುಂದಿನ ವರ್ಷದ ರಿಪೋರ್ಟ್ ಇನ್ನೂ ಕೆಟ್ಟದಾಗಿ ಬರುತ್ತೆ, ಅದನ್ನ ಓದಿದ ಡಾಕ್ಟರ್ ಕೊಲಿಸ್ಟಿನ್‌ಗೆ ಹೋಗ್ತಾರೆ. ಈ ಸುತ್ತು ತುಂಡಾಗೋದು ಮೂರನೇ ದಿನ ಕಲ್ಚರ್ ರಿಪೋರ್ಟ್ ಕೈಗೆ ಬಂದು, ಅದರಲ್ಲಿ ಹಳೇ ಅಗ್ಗದ ಔಷಧಿ ಮುಂದೆ ಎಸ್ (ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುತ್ತೆ) ಅಂತ ಇದ್ರೆ ಧೈರ್ಯ ಮಾಡಿ ಅದಕ್ಕೆ ಇಳಿಸಿದಾಗ. ಅದಕ್ಕೆ ಔಷಧಿ ಶುರು ಮಾಡೋ ಮುಂಚೆನೇ ರಕ್ತದ ಸ್ಯಾಂಪಲ್ ತೆಗೆದಿರಬೇಕು, ಜಿಲ್ಲೆ ತಾಲ್ಲೂಕು ಮಟ್ಟದಲ್ಲಿ ಆ ಲ್ಯಾಬ್ ಇರಬೇಕು, ಲ್ಯಾಬಲ್ಲಿ ಮೈಕ್ರೋಬಯಾಲಜಿ ಓದಿದವರು ಇರಬೇಕು, ಭಾನುವಾರಾನೂ.